ಮುಕ್ಕಾಲು ಅಂಗುಲ

ಬಿಗಿಯೆಂಬುದಕ್ಕೆ ಲೋಕದಲ್ಲಿ ಇರುವ ಮರ್ಯಾದೆ ಸಡಿಲಕ್ಕೆ ಇಲ್ಲ. ಬಿಗಿಯಾದ ಆಡಳಿತ, ಬಿಗಿಯಾದ ಕಟ್ಟು, ಬಿಗಿಯಾದ ಬಂಧ ಎಂದು ಹೊಗಳುವ ನಾವು ಸಡಿಲವಾದ ನಾಲಗೆ, ಸಡಿಲವಾದ ಕೈ, ಸಡಿಲವಾದ ನಡತೆ ಎಂದು ತೆಗಳುತ್ತೇವೆ. ಮೂವತ್ತು ವರ್ಷಕಾಲ ಪ್ರೌಢಶಾಲೆಯಲ್ಲಿ ಗಣಿತವನ್ನು ಬೋಧಿಸಿದ ನನಗೆ ಬಿಗಿಯ ಮೇಲಿನ ಪಕ್ಷಪಾತವು ಇತರರಿಗಿಂತ ಒಂದು ತೂಕ ಹೆಚ್ಚಾಗಿಯೇ ಇದ್ದಿತು. ಲೆಕ್ಕವೆಂದ ಮೇಲೆ ಸರಿಯಿರಬೇಕು, ಇಲ್ಲವೆ ತಪ್ಪಾಗಿರಬೇಕು. ನಡುವೆ ಅಲ್ಲಾಡುವುದಕ್ಕೆ ಸ್ಥಳವೆಲ್ಲಿ? ಈ ಪಕ್ಷಪಾತವನ್ನು ಹೋಗಲಾಡಿಸಿದುದು ಒಂದು ಹಳೆಯ ಜೀಪಿನ ಕ್ಲಚ್ಚು ಎಂದರೆ ವಾಚಕರು ನಗಬಹುದು. ನಕ್ಕರೂ ಚಿಂತೆಯಿಲ್ಲ, ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಮಾತ್ರ ನನ್ನ ಪ್ರಾರ್ಥನೆ.

ನಮ್ಮ ತಂದೆಯವರು ಸರ್ಕಾರದ ಇಲಾಖೆಯೊಂದರಲ್ಲಿ ಜೀಪು ನಡೆಯಿಸುತ್ತಿದ್ದವರು. 1952ರ ಅಕ್ಟೋಬರ್ 2ರಂದು ಸಮುದಾಯಾಭಿವೃದ್ಧಿ ಯೋಜನೆಯು ನಮ್ಮ ದೇಶದಲ್ಲಿ ಆರಂಭವಾದ ಮೇಲೆ, ಹಳ್ಳಿಗಳಿಗೆ ಸರ್ಕಾರವೆಂಬುದು ಬಹುಮಟ್ಟಿಗೆ ಜೀಪಿನ ರೂಪದಲ್ಲಿಯೇ ದರ್ಶನವಿತ್ತಿತು. ನಾನು ಬಾಲಕನಾಗಿದ್ದಾಗ ಚಳ್ಳಕೆರೆಯ ಸೀಮೆಯಲ್ಲಿ ದೂರದಲ್ಲಿ ಕೆಂಧೂಳೆದ್ದರೆ, 'ಜೀಪು ಬಂತು' ಎಂದು ಮಕ್ಕಳೆಲ್ಲ ಓಡುತ್ತಿದ್ದರು. ಓಡಿದವರಲ್ಲಿ ನಾನೂ ಒಬ್ಬ. ಜೀಪಿನಲ್ಲಿ ಕುಳಿತು ಬಂದ ಅಧಿಕಾರಿಗಳನ್ನು ಊರವರು ಎಷ್ಟೋ ವೇಳೆ ಮರೆತರು. ಅದನ್ನು ನಡೆಯಿಸಿದವರನ್ನು ಮರೆಯಲಿಲ್ಲ. ಕಾವಲಿನ ಅಂಚಿನ ಹಟ್ಟಿಗಳಲ್ಲಿ ತಂದೆಯವರಿಗೆ ಮಜ್ಜಿಗೆ ಕೊಡದ ಮನೆಯಿರಲಿಲ್ಲ.

ಮುಂದೆ ಆ ಜೀಪಿಗೆ ವಯಸ್ಸಾಯಿತು, ಹರಾಜಾಯಿತು. ಕೊಂಡವರು ಶೇಂಗಾ ಎಣ್ಣೆಯ ಗಿರಣಿಯವರು. ಚಳ್ಳಕೆರೆಗೆ ಎಣ್ಣೆಯ ಊರೆಂದೇ ಹೆಸರಷ್ಟೆ. ಕೆಲವು ಕಾಲ ಮೂಟೆ ಹೊತ್ತು, ಕೊನೆಗೆ ಅದು ಗಿರಣಿಯ ಹಿತ್ತಿಲಲ್ಲಿ ಬೇವಿನ ಮರದ ಕೆಳಗೆ ನಿಂತುಬಿಟ್ಟಿತು. ಅದರ ಹಿಂದಿನ ಆಸನದಲ್ಲಿ ಕೋಳಿಗಳು ಕಾವು ಕುಳಿತವು. ನಾನು ನಿವೃತ್ತನಾದ ವರ್ಷವೇ ತಾಯಿಯವರು ತೀರಿಕೊಂಡರು. ತಂದೆಯವರಿಗೆ ಕಣ್ಣು ಮಂದವಾಯಿತು, ಮಾತು ಕಡಮೆಯಾಯಿತು. ಅವರ ಆರೈಕೆಯ ಹೊಣೆಯನ್ನು ಹೊತ್ತ ನಾನು, ನನ್ನ ಸ್ವಭಾವಕ್ಕೆ ತಕ್ಕಂತೆ, ಶಾಲೆಯ ವೇಳಾಪಟ್ಟಿಯಂಥದೊಂದು ಪಟ್ಟಿಯನ್ನು ಮಾಡಿದೆನು: ಆರಕ್ಕೆ ಸ್ನಾನ, ಏಳಕ್ಕೆ ತಿಂಡಿ, ಎಂಟಕ್ಕೆ ಮಾತ್ರೆ, ನಾಲ್ಕರಿಂದ ನಾಲ್ಕೂವರೆಯವರೆಗೆ ಜಗಲಿ. ಅವರು ಅದಕ್ಕೆ ಎದುರಾಡಲಿಲ್ಲ. ಎದುರಾಡದೆ ಇದ್ದುದನ್ನು ನಾನು ಒಪ್ಪಿಗೆಯೆಂದು ತಿಳಿದೆನು.

ಒಂದು ಸಂಜೆ ಜಗಲಿಯಲ್ಲಿ, "ಉಳ್ಳಾರ್ತಿ ಕಾವಲ್ ಕಡೆ ಒಂದು ಸಲ ಹೋಗಿಬರಬೇಕಪ್ಪ" ಎಂದರು. ಬಾಡಿಗೆಯ ಕಾರನ್ನು ತರಿಸುವೆನೆಂದೆನು. "ಕಾರಿನಾಗೆ ಕುಂತ್ರೆ ಕಾವಲು ಕಾಣಾಕಿಲ್ಲ" ಎಂದು ಸುಮ್ಮನಾದರು. ಕಣ್ಣು ಕಾಣದವರ ಬಾಯಿಂದ ಬಂದ ಆ ಮಾತು ನನ್ನನ್ನು ರಾತ್ರಿಯೆಲ್ಲ ಕಾಡಿತು. ಬೆಳಗ್ಗೆ ಎದ್ದವನೇ ಗಿರಣಿಯ ಹಿತ್ತಿಲಿಗೆ ಹೋಗಿ, ಕೋಳಿಗಳನ್ನು ಎಬ್ಬಿಸಿ, ಕಬ್ಬಿಣದ ತೂಕದ ಬೆಲೆಗೆ ಆ ಜೀಪನ್ನು ಕೊಂಡೆನು.

ಅದು 1953ರಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿಯವರು ಹೊರಡಿಸಿ, ತರುವಾಯ ನಮ್ಮ ಮಹೀಂದ್ರ ಕಂಪನಿಯವರು ಪರವಾನಗಿ ಪಡೆದು ಬಹುಕಾಲ ತಯಾರಿಸಿದ ಸಿಜೆ-3ಬಿ ಎಂಬ ಜಾತಿಯ ಗಾಡಿ. ಒಳಸೆಳೆಯುವ ಕವಾಟಗಳನ್ನು ತಲೆಯ ಮೇಲಿಟ್ಟುಕೊಂಡ ಎತ್ತರದ ಎಂಜಿನ್ನನ್ನು ಹಿಡಿಸುವುದಕ್ಕಾಗಿ ಅದರ ಮೂತಿಯನ್ನು ಎತ್ತರಿಸಿದ್ದಾರೆ. ಚಾಲಕನ ಸ್ಥಾನ ಎಡಗಡೆ. ಹಿಂದೆ ಬರುವವರು ಎಚ್ಚರವಾಗಿರಲೆಂದು 'ಲೆಫ್ಟ್ ಹ್ಯಾಂಡ್ ಡ್ರೈವ್' ಎಂದು ಬೆನ್ನಿನ ಮೇಲೆ ಬರೆದಿರುತ್ತಿದ್ದ ಜೀಪುಗಳು ಹಿರಿಯರ ನೆನಪಿನಲ್ಲಿರಬಹುದು. ಅದನ್ನು ಜೀರ್ಣೋದ್ಧಾರಮಾಡುವುದರಲ್ಲಿ ಒಂದೂವರೆ ವರ್ಷ ಕಳೆಯಿತು. ತುಕ್ಕು, ತಗಡು, ಬಣ್ಣ, ಬ್ರೇಕುಗಳ ಕಥೆಯಿಂದ ವಾಚಕರನ್ನು ದಣಿಸುವುದಿಲ್ಲ. ಎಲ್ಲವೂ ಮುಗಿದು ಎಂಜಿನ್ನು ಗುಡುಗಿದ ದಿನ ಕ್ಲಚ್ಚು ತಕರಾರು ತೆಗೆಯಿತು.

ಕ್ಲಚ್ಚೆಂಬುದು ಎಂಜಿನ್ನಿಗೂ ಗೇರಿನ ಪೆಟ್ಟಿಗೆಗೂ ನಡುವೆ ಕುಳಿತ ಮಧ್ಯಸ್ಥ. ಎಂಜಿನ್ನಿನ ಬೆನ್ನಿಗೆ ಫ್ಲೈವೀಲೆಂಬ ಭಾರವಾದ ಚಕ್ರವೊಂದು ತಿರುಗುತ್ತಿರುತ್ತದೆ. ಅದಕ್ಕೆ ಒರಟು ಮೈಯ ಒಂದು ತಟ್ಟೆಯನ್ನು ಬಲವಾದ ಸ್ಪ್ರಿಂಗುಗಳು ಒತ್ತಿ ಹಿಡಿದಿರುತ್ತವೆ. ಹಿಡಿದಿರುವ ತನಕ ಎಂಜಿನ್ನಿನ ತಿರುಗು ಗಾಲಿಗಳಿಗೆ ಮುಟ್ಟುತ್ತದೆ. ಪೆಡಲನ್ನು ತುಳಿದಾಗ ಆ ತುಳಿತವು ಒಂದು ಸರಳು, ಒಂದು ಅಡ್ಡಕೊಳವೆ, ಒಂದು ಗಿಡ್ಡ ತಂತಿಹಗ್ಗ, ಒಂದು ಕವೆ ಇವುಗಳ ಮೂಲಕ ಹಾದು ಕೊನೆಗೆ ಒಂದು ಬೇರಿಂಗನ್ನು ಮುಂದಕ್ಕೆ ನೂಕುತ್ತದೆ. ಬೇರಿಂಗು ಸ್ಪ್ರಿಂಗುಗಳ ಸನ್ನೆಗಳನ್ನು ಅದುಮುತ್ತದೆ. ಗ್ಯಾರೇಜಿನವರು ಈ ಸನ್ನೆಗಳನ್ನು ಫಿಂಗರುಗಳೆನ್ನುತ್ತಾರೆ. ಅದುಮಿದೊಡನೆ ತಟ್ಟೆಯ ಹಿಡಿತ ಬಿಡುತ್ತದೆ. ಆಗ ಗೇರು ಬದಲಾಯಿಸಬಹುದು. ಪೆಡಲನ್ನು ತುಳಿಯದೆ ಇರುವಾಗ ಬೇರಿಂಗಿಗೂ ಈ ಬೆರಳುಗಳಿಗೂ ನಡುವೆ ಸುಮಾರು ಅಂಗುಲದ ಹದಿನಾರರಲ್ಲೊಂದು ಪಾಲು ತೆರಪಿರಬೇಕು. ಸನ್ನೆಗಳ ಲೆಕ್ಕದಿಂದ ಅಷ್ಟೇ ತೆರಪು ಪೆಡಲಿನ ಬಳಿಗೆ ಬರುವಾಗ ಹನ್ನೆರಡು ಪಾಲು ಹಿಗ್ಗಿ ಮುಕ್ಕಾಲು ಅಂಗುಲವಾಗಿ ಕಾಣುತ್ತದೆ. ಯುದ್ಧಕಾಲದ ವಿಲ್ಲಿಸ್ ಜೀಪಿಗಾಗಿ ಅಮೆರಿಕದ ಸೇನೆಯವರು ಅಚ್ಚುಹಾಕಿಸಿದ ಕೈಪಿಡಿಯಲ್ಲಿಯೂ ಪೆಡಲಿನ ಸಡಿಲಕ್ಕೆ ಮುಕ್ಕಾಲು ಅಂಗುಲವೆಂದೇ ವಿಧಿಯಿದೆ. ನಮ್ಮದು ಅದರ ತಮ್ಮನಾದುದರಿಂದ ಆ ವಿಧಿಯನ್ನೇ ನಾನು ಪ್ರಮಾಣವಾಗಿ ಹಿಡಿದೆನು.

ತಕರಾರು ವಿಚಿತ್ರವಾಗಿದ್ದಿತು. ಮೊದಲನೆಯ ಗೇರಿಗೆ ಹಾಕುವಾಗ ಪೆಟ್ಟಿಗೆಯೊಳಗಿಂದ ಕಿರ್ರೆಂದು ಹಲ್ಲು ಕಡಿದ ಶಬ್ದ. ಇದು ಹಿಡಿತ ಪೂರ್ತಿಯಾಗಿ ಬಿಡದೆ ಇರುವುದರ ಲಕ್ಷಣ. ಹೇಗೋ ಗೇರು ಬಿದ್ದು, ಊರ ಹೊರಗಿನ ಹಳ್ಳದ ಉಸುಕಿಗೆ ಇಳಿಸಿದರೆ, ಎಂಜಿನ್ನು ಮಾತ್ರ ಕೂಗಿತು. ಗಾಡಿ ಇದ್ದಲ್ಲಿಯೇ ನಿಂತು, ಸುಟ್ಟ ವಾಸನೆ ಹೊಮ್ಮಿತು. ಇದು ಹಿಡಿತ ಪೂರ್ತಿಯಾಗಿ ಕೂಡದೆ ಜಾರುತ್ತಿರುವುದರ ಲಕ್ಷಣ. ಮೊದಲನೆಯದಕ್ಕೆ ಮದ್ದು, ತಂತಿಹಗ್ಗವನ್ನು ಗಿಡ್ಡಮಾಡಿ ಬಿಗಿಯುವುದು. ಎರಡನೆಯದಕ್ಕೆ ಮದ್ದು, ಅದನ್ನೇ ಉದ್ದಮಾಡಿ ಸಡಿಲಿಸುವುದು. ಒಂದೇ ರೋಗಿಗೆ ಉಷ್ಣವೂ ಶೀತವೂ ಒಟ್ಟಿಗೆ ಹಿಡಿದರೆ ವೈದ್ಯನು ಏನು ಮಾಡಬೇಕು? ಬಿಗಿದೆನು, ಗೇರು ಸುಮ್ಮನಾಯಿತು, ಜಾರಿಕೆ ಹೆಚ್ಚಿತು. ಸಡಿಲಿಸಿದೆನು, ಜಾರಿಕೆ ತಗ್ಗಿತು, ಗೇರು ಅರಚಿತು. ಅಡಿಕೋಲನ್ನು ಹಿಡಿದು ಪೆಡಲಿನ ಸಡಿಲವನ್ನು ಅಳೆದೆನು: ಕರಾರುವಾಕ್ಕಾಗಿ ಮುಕ್ಕಾಲು ಅಂಗುಲ. ಅಳತೆ ಸರಿ, ಉತ್ತರ ತಪ್ಪು! ಮೂವತ್ತು ವರ್ಷದ ಉಪಾಧ್ಯಾಯವೃತ್ತಿಯಲ್ಲಿ ಇಂಥ ಲೆಕ್ಕವನ್ನು ನಾನು ಕಂಡಿರಲಿಲ್ಲ.

ದೂರದ ಪಟ್ಟಣದ ಗ್ಯಾರೇಜೊಂದರವರು ತಟ್ಟೆಯನ್ನೇ ಬದಲಾಯಿಸಬೇಕೆಂದರು. ಬದಲಾಯಿಸಿದ್ದಾಯಿತು. ಹದಿನೈದು ದಿನದಲ್ಲಿ ಹೊಸ ತಟ್ಟೆಯೂ ಹಳೆಯದರ ದಾರಿ ಹಿಡಿಯಿತು. ಆ ಮೇಲೆ ನಮ್ಮ ಊರಿನ ಹಳೆಯ ಮೇಸ್ತ್ರಿಗಳೊಬ್ಬರನ್ನು ಕರೆತಂದೆನು. ಅವರು ಜೀಪುಗಳ ಕಾಲದಲ್ಲಿ ಪಾನ ಹಿಡಿದು ಬೆಳೆದವರು. ಎರಡು ದಿನ ಬಿಗಿದು ಸಡಿಲಿಸಿ, ಬೀಡಿ ಹಚ್ಚಿ, "ಮೇಷ್ಟ್ರೆ, ಗಾಡಿ ಸುಳ್ಳು ಹೇಳ್ತಾ ಐತೆ, ಎಲ್ಲಿ ಹೇಳ್ತೈತೆ ಅಂತ ಸಿಗ್ತಾ ಇಲ್ಲ" ಎಂದರು. ಅಷ್ಟು ಹೊತ್ತಿಗೆ ತಂದೆಯವರ ಆರೋಗ್ಯವೂ ಇಳಿಮುಖವಾಗಿದ್ದಿತು. ಗಾಡಿ ಮೊದಲು ಸಿದ್ಧವಾಗುವುದೋ ಅವರು ಮೊದಲು ಹೊರಡುವರೋ ಎಂಬ ಯೋಚನೆಯನ್ನು ನಾನು ಯಾರೊಡನೆಯೂ ಆಡಲಿಲ್ಲ.

ಮೇಸ್ತ್ರಿಗಳ ಮಾತು ಜಗಲಿಯ ಮೇಲಿದ್ದ ತಂದೆಯವರ ಕಿವಿಗೆ ಬಿದ್ದಿತು. "ನನ್ನನ್ನು ಅದರ ಮೇಲೆ ಕೂರಿಸ್ರಿ" ಎಂದರು. ಅದು ವೇಳಾಪಟ್ಟಿಯಲ್ಲಿ ಮಾತ್ರೆಯ ಹೊತ್ತು. ನಾನು ತಡೆಯಹೋದೆನು, ಮೇಸ್ತ್ರಿಗಳು, "ಬನ್ರಿ ಯಜಮಾನ್ರೆ" ಎಂದು ಆಗಲೇ ಕೈಹಿಡಿದಾಗಿತ್ತು. ತಂದೆಯವರು ಚಾಲಕನ ಆಸನದಲ್ಲಿ ಕುಳಿತು, ಚಪ್ಪಲಿಯನ್ನು ಕಳಚಿ, ಬರಿಯ ಎಡಗಾಲನ್ನು ಪೆಡಲಿನ ಮೇಲಿಟ್ಟರು. ಎಂಜಿನ್ನು ನಿಂತೇ ಇದ್ದಿತು. ಹತ್ತು ಹನ್ನೆರಡು ಸಲ, ನಾಡಿ ನೋಡುವವರಂತೆ, ಬಹು ಮೆಲ್ಲಗೆ ಒತ್ತಿ ಬಿಟ್ಟರು. ಬಳಿಕ ಹೇಳಿದರು: "ಸಡಿಲ ಐತೆ. ಇರಬೇಕಾದ ಜಾಗದಾಗಿಲ್ಲ. ಒಳ್ಳೇ ಕ್ಲಚ್ಚಿನಾಗೆ ಸಡಿಲ ಒಂದೇ ಸಲ ಮುಗೀತದೆ, ಆಮೇಲೆ ಭಾರ ಸಿಗ್ತದೆ. ಇದು ಮೂರು ಮೆಟ್ಟಲಾಗಿ ಇಳೀತದೆ. ಕಟಕ್, ಕಟಕ್, ಕಟಕ್."

ಮೇಸ್ತ್ರಿಗಳು ಬೀಡಿಯನ್ನು ಎಸೆದು ಗಾಡಿಯ ಕೆಳಗೆ ನುಗ್ಗಿದರು. ಪೆಡಲನ್ನು ಹಿಂದಕ್ಕೆಳೆಯುವ ಸ್ಪ್ರಿಂಗನ್ನು ಕಳಚಿ, ಕವೆಯ ಹೊರತುದಿಯನ್ನೇ ಬೆರಳಿನಿಂದ ಹಿಡಿದು ಅಲ್ಲಾಡಿಸಿದರು. ಅದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಬೇರಿಂಗು ಬೆರಳುಗಳಿಗೆ ತಾಗಿಯೇ ನಿಂತಿದ್ದಿತು! ಹಾಗಾದರೆ ನಾನು ಅಳೆದ ಮುಕ್ಕಾಲು ಅಂಗುಲ ಯಾವುದು? ತಂದೆಯವರು ಮೇಲೆ ಪೆಡಲನ್ನು ಒತ್ತುತ್ತ ಹೋದಂತೆ, ಕೆಳಗಿನಿಂದ ಮೇಸ್ತ್ರಿಗಳು ದೀಪ ಹಿಡಿದು ಒಂದೊಂದನ್ನೇ ಕೂಗಿ ಹೇಳಿದರು. ಮೊದಲನೆಯ ಕಟಕ್: ಸರಳಿನ ತುದಿಯ ಮೊಳೆ ಸವೆದು, ಅದರ ರಂಧ್ರವು ದುಂಡಗಿದ್ದುದು ಕೋಳಿಯ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಎರಡನೆಯ ಕಟಕ್: ಅಡ್ಡಕೊಳವೆಯ ತುದಿಗಳಲ್ಲಿರುವ ಗುಂಡುಗಳು ತಮ್ಮ ಗೂಡುಗಳಲ್ಲಿ ಕುಲುಕಾಡುತ್ತಿದ್ದವು. ಮೂರನೆಯದು ಎಲ್ಲಕ್ಕಿಂತ ಆಶ್ಚರ್ಯ: ಪೆಡಲನ್ನು ಒತ್ತಿದಾಗ ಎಂಜಿನ್ನೇ ರಬ್ಬರಿನ ಪೀಠಗಳ ಮೇಲೆ ಜರುಗುತ್ತಿದ್ದಿತು. ಈ ಬಗೆಯ ಹಳೆಯ ಜೀಪುಗಳಲ್ಲಿ ಹಾಗೆ ಆಗದಂತೆ ಎಂಜಿನ್ನನ್ನು ಚಾಸಿಯ ಅಡ್ಡತೊಲೆಗೆ ಕಟ್ಟುವ ಒಂದು ತಂತಿಹಗ್ಗವುಂಟು. ನಮ್ಮದರಲ್ಲಿ ಅದು ಎಂದೋ, ಯಾವುದೋ ರಿಪೇರಿಯಲ್ಲಿ, ಅನಾವಶ್ಯಕವೆಂದು ತೋರಿ ಕಾಣೆಯಾಗಿತ್ತು.

ಆಗ ಲೆಕ್ಕ ಬಿಡಿಸಿತು. ಬೇರಿಂಗಿನ ಬಳಿ ಇರಬೇಕಾದ ತೆರಪು ಸೊನ್ನೆ. ಆದುದರಿಂದ ಸ್ಪ್ರಿಂಗುಗಳು ಎಂದಿಗೂ ಪೂರ್ತಿಯಾಗಿ ಒತ್ತುತ್ತಿರಲಿಲ್ಲ, ಗಾಡಿ ಜಾರುತ್ತಿದ್ದಿತು. ಪೆಡಲಿನ ಚಲನೆಯ ಮೊದಲ ಪಾಲನ್ನು ಸವೆದ ಕೀಲುಗಳೇ ನುಂಗುತ್ತಿದ್ದವು. ಆದುದರಿಂದ ಕಾಲು ನೆಲಕ್ಕೆ ಮುಟ್ಟಿದರೂ ಹಿಡಿತ ಪೂರ್ತಿಯಾಗಿ ಬಿಡುತ್ತಿರಲಿಲ್ಲ, ಗೇರು ಅರಚುತ್ತಿದ್ದಿತು. ಎರಡು ರೋಗಗಳಿಗೂ ಮೂಲ ಒಂದೇ. ನಾನು ಮೊತ್ತವನ್ನು ಅಳೆದಿದ್ದೆನು. ಆ ಮೊತ್ತವು ಯಾವ ಯಾವ ಅಂಶಗಳಿಂದ ಕೂಡಿದೆಯೆಂದು ನೋಡಿರಲಿಲ್ಲ. ಕೀಲುಗಳ ಸವೆತವನ್ನು ಉಳಿಸಿಕೊಂಡು ತಂತಿಹಗ್ಗವನ್ನು ಎಷ್ಟು ತಿರುಗಿಸಿದರೂ, ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಗೆ ಸಾಗಿಸಿದಂತಾಗುತ್ತಿದ್ದಿತೇ ಹೊರತು ತಪ್ಪು ಅಳಿಯುತ್ತಿರಲಿಲ್ಲ.

ಲೇತಿನ ಅಂಗಡಿಯಲ್ಲಿ ಹೊಸ ಮೊಳೆಗಳನ್ನು ಕಡೆಯಿಸಿದೆವು. ಮೊಟ್ಟೆಯಾದ ರಂಧ್ರಗಳನ್ನು ಬೆಸುಗೆಯಿಂದ ತುಂಬಿಸಿ ಮತ್ತೆ ದುಂಡಗೆ ಕೊರೆಯಿಸಿದೆವು. ಕೊಳವೆಯ ಗುಂಡುಗಳನ್ನು ಬದಲಾಯಿಸಿ ಗ್ರೀಸು ತುಂಬಿದೆವು. ಎಂಜಿನ್ನಿಗೆ ಹೊಸ ಕಟ್ಟುಹಗ್ಗವನ್ನು ಹಾಕಿದೆವು. ಇದಕ್ಕೆ ಎಂಟು ದಿನ ಹಿಡಿಯಿತು. ಎಂಟನೆಯ ದಿನ ಸಂಜೆ ತಂತಿಹಗ್ಗದ ತುದಿಯ ಲಾಕ್‌ನಟ್ಟನ್ನು ಸಡಿಲಿಸಿ, ಕವೆಯ ಬಳಿ ಬೆರಳಿಗೆ ಸಡಿಲ ಸಿಕ್ಕುವವರೆಗೆ ತಿರುಗಿಸಿ, ಪೆಡಲಿನ ಬಳಿ ಅಳೆದು, ನಟ್ಟನ್ನು ಮತ್ತೆ ಬಿಗಿದೆವು. ಇದಕ್ಕೆ ಹಿಡಿದುದು ಹತ್ತು ನಿಮಿಷ. ಅಡಿಕೋಲು ಮುಕ್ಕಾಲು ಅಂಗುಲವನ್ನೇ ತೋರಿತು; ಹಿಂದಿನಂತೆಯೇ. ಆದರೆ ಗೇರು ಬೆಣ್ಣೆಗೆ ಚಾಕು ಇಳಿದಂತೆ ಇಳಿಯಿತು, ಹಳ್ಳದ ಉಸುಕನ್ನು ಗಾಡಿ ನಿರಾಯಾಸವಾಗಿ ಹತ್ತಿತು.

ಈ ಮುಕ್ಕಾಲು ಅಂಗುಲದ ಮರ್ಮವನ್ನು ಮೇಸ್ತ್ರಿಗಳು ಆ ದಿನ ನನಗೆ ಬಿಡಿಸಿ ಹೇಳಿದರು. ತಟ್ಟೆ ಸವೆದಂತೆ ಸಡಿಲ ಹೆಚ್ಚುವುದೆಂದು ಯಾರಿಗಾದರೂ ತೋರೀತು. ನನಗೂ ಹಾಗೆಯೇ ತೋರಿತ್ತು. ನಡೆಯುವುದು ಅದಕ್ಕೆ ವಿಪರೀತ. ತಟ್ಟೆ ತೆಳುವಾದಂತೆ ಅದನ್ನು ಒತ್ತುವ ಫಲಕವು ಎಂಜಿನ್ನಿನ ಕಡೆಗೆ ಸರಿಯುತ್ತದೆ. ಅದರೊಡನೆ ಆ ಬೆರಳುಗಳು ಹಿಂದಕ್ಕೆ ಬಾಗಿ ಬೇರಿಂಗಿನ ಬಳಿಗೆ ಬರುತ್ತವೆ. ಅಂದರೆ ಗಾಡಿ ನಡೆದಷ್ಟೂ ಸಡಿಲ ಕರಗುತ್ತದೆ. ಆ ತೆರಪು ನಾಳಿನ ಸವೆತಕ್ಕಾಗಿ ಇಂದೇ ಎತ್ತಿಟ್ಟ ಮೀಸಲು. ಇದನ್ನರಿಯದೆ, ಈ ಖಾಲಿ ಸ್ಥಳ ಯಾತಕ್ಕೆಂದು ಬಿಗಿದುಬಿಟ್ಟರೆ, ಮೊದಲ ದಿನ ಪೆಡಲು ಚುರುಕಾಗಿ ಕಂಡು ಸಂತೋಷವಾಗುತ್ತದೆ. ಕೆಲವು ವಾರಗಳಲ್ಲಿ ತಟ್ಟೆ ಸುಡುತ್ತದೆ, ಬೇರಿಂಗು ಅರೆಯುತ್ತದೆ. ನಮ್ಮ ಸೀಮೆಯ ಒಕ್ಕಲಿಗನಿಗೆ ಇದು ಹೊಸ ಮಾತಲ್ಲ. ಎತ್ತಿನ ಕೊರಳಿಗೆ ಜತ್ತಿಗೆಯನ್ನು ಕಟ್ಟುವಾಗ ಅವನು ಒಳಗೆ ಬೆರಳು ತೂರಿಸಿ ನೋಡುತ್ತಾನೆ. ಬೆರಳಿಗೆ ಎಡೆಯಿಲ್ಲದಿದ್ದರೆ ಕೊರಳು ಹುಣ್ಣಾಗುವುದೆಂದು ಅವನು ಬಲ್ಲ.

ಮರುದಿನ ಬೆಳಗಿನ ಜಾವದಲ್ಲಿ ತಂದೆಯವರನ್ನು ಕೂರಿಸಿಕೊಂಡು ಕಾವಲಿನ ಕಡೆಗೆ ಹೊರಟೆನು. ಜೀಪಿಗೆ ಬಾಗಿಲಿಲ್ಲ, ಹುಲ್ಲಿನ ವಾಸನೆ, ಮಣ್ಣಿನ ವಾಸನೆ, ಕುರಿಹಟ್ಟಿಯ ವಾಸನೆ ಒಂದರ ಹಿಂದೊಂದು ಒಳಕ್ಕೆ ಬಂದವು. ಅವರು ವಾಸನೆಯ ಮೇಲೆಯೇ ಊರುಗಳ ಹೆಸರನ್ನು ಹೇಳುತ್ತ ಬಂದರು, ಎಲ್ಲಿಯೂ ತಪ್ಪಲಿಲ್ಲ. ಕಾರಿನಲ್ಲಿ ಕುಳಿತರೆ ಕಾವಲು ಕಾಣದೆಂಬುದರ ಅರ್ಥ ಆಗ ನನಗೆ ಆಯಿತು.

ಉಳ್ಳಾರ್ತಿಯ ಕಾವಲು ಅಮೃತಮಹಲ್ ಕಾವಲುಗಳಲ್ಲಿ ಒಂದು. 1673ರಿಂದ 1704ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಹೆಸರಿನಿಂದ ರೂಪುಗೊಂಡ ರಾಸುಗಳ ಇಲಾಖೆಗೆ ಅಮೃತಮಹಲ್ ಎಂಬ ಹೆಸರನ್ನಿಟ್ಟವನು ಟಿಪ್ಪು ಸುಲ್ತಾನ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳಿಂದ ಕೂಡಿದ ಈ ತಳಿಯ ಎತ್ತುಗಳು ಫಿರಂಗಿಗಳನ್ನೆಳೆಯುವುದರಲ್ಲಿ ಹೆಸರಾದವು. ಅವುಗಳ ಬಲದಿಂದಲೇ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ಮುಟ್ಟಿದನೆಂದು ಹಳೆಯ ಗ್ರಂಥಗಳಲ್ಲಿ ಹೇಳಿದೆ. ಈ ದನಗಳಿಗಾಗಿ ಕಾದಿಟ್ಟ ಹುಲ್ಲುಗಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಒಂದರಲ್ಲಿ ದನ ಮೇಯುವಾಗ ಇನ್ನೊಂದು ಬರಿದಾಗಿ ಬಿದ್ದಿರುತ್ತಿತ್ತು. ಬಿದ್ದಿರುವುದೇ ಅದರ ಕೆಲಸ. ಕಾಲಾಂತರದಲ್ಲಿ ಫಿರಂಗಿಗಳು ಹೋದವು. ರಾಜ್ಯದಲ್ಲಿಯೇ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದಾದ ಚಳ್ಳಕೆರೆಯಲ್ಲಿ ಊರವರ ಕುರಿ, ಮೇಕೆ, ದೇವರ ಎತ್ತುಗಳು ಬರಗಾಲದ ವರ್ಷಗಳನ್ನು ಕಳೆದುದು ಈ ಹುಲ್ಲಿನಿಂದ. ಕಂಬಳಿಯಾದುದು ಈ ಹುಲ್ಲು ಮೇಯ್ದ ಕುರಿಯ ಉಣ್ಣೆಯಿಂದ.

2009ರ ತರುವಾಯ ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆಗಳು ದೇಶದ ದೊಡ್ಡ ವಿಜ್ಞಾನಸಂಸ್ಥೆಗಳಿಗೂ ರಕ್ಷಣಾಸಂಶೋಧನೆಗೂ ಮಂಜೂರಾದವು. ಉಳ್ಳಾರ್ತಿಯ ಕಾವಲಿನಲ್ಲಿ ಭೂಮಿ ದೊರೆತುದು ಭಾಭಾ ಪರಮಾಣು ಸಂಶೋಧನ ಕೇಂದ್ರಕ್ಕೆ. ವಿವಾದವು ಹಸಿರು ನ್ಯಾಯಮಂಡಳಿಯವರ ಮುಂದೆಯೂ ಹೋಯಿತು. ವಿಜ್ಞಾನ ಬೇಡವೆನ್ನುವಷ್ಟು ಮೂಢನು ನಾನಲ್ಲ. ಲೆಕ್ಕ ಕಲಿಸಿ ಬದುಕಿದವನು ನಾನು. ಆದರೆ ಮೊದಲ ದಿನ ಪೆಡಲಿನ ಸಡಿಲವನ್ನು ಕಂಡು, ಈ ಖಾಲಿ ಯಾತಕ್ಕೆ, ಬಿಗಿಯೋಣ ಎಂದುಕೊಂಡ ನನ್ನ ಬುದ್ಧಿಯ ನೆನಪಾಯಿತು. ನಕ್ಷೆಯನ್ನು ನೋಡುವವನ ಕಣ್ಣಿಗೆ ಕಾವಲು ಖಾಲಿ. ಮಳೆ ತಪ್ಪಿದ ವರ್ಷವನ್ನು ಕಂಡವನಿಗೆ ಅದು ಸವೆತಕ್ಕೆ ಎತ್ತಿಟ್ಟ ಅಂಗುಲದ ಪಾಲು.

ದಾರಿಯ ಒಂದು ಎಡೆಯಲ್ಲಿ ಗೋಡೆ ಅಡ್ಡವಾಯಿತು. ಗಾಡಿಯನ್ನು ನಿಲ್ಲಿಸಿದೆನು. ತಂದೆಯವರು ಇಳಿದು, ಅದರ ಮೇಲೆ ಅಂಗೈಯಿಟ್ಟು, ಹತ್ತು ಹೆಜ್ಜೆ ಅದರೊಡನೆ ನಡೆದರು. ನಾನು ಏನನ್ನೋ ಸಮಾಧಾನ ಹೇಳಲು ಬಾಯಿ ತೆರೆದೆನು. "ಈ ಕಡೆ ಹುಲ್ಲು ಐತೇನು?" ಎಂದು ಕೇಳಿದರು. ಗೋಡೆಯ ಹೊರಗೆ ಮೊಣಕಾಲುದ್ದ ಕರಡ ಬೆಳೆದಿತ್ತು. ದೂರದಲ್ಲಿ ಕುರಿಗಳ ಹಿಂಡೊಂದು ಹರಡಿತ್ತು. ಐತೆ ಎಂದೆನು. "ಹಂಗಾರೆ ನಾನು ಒಂದಿಷ್ಟು ಓಡಿಸ್ತೀನಿ" ಎಂದರು.

ಎಂಬತ್ತು ದಾಟಿದ, ಕಣ್ಣು ಮಂದವಾದ ಮನುಷ್ಯನ ಕೈಗೆ ಗಾಡಿ ಕೊಡುವುದು ಯಾವ ವಿಧಿಯಲ್ಲಿಯೂ ಇಲ್ಲ. ಮುಂದೆ ಎರಡು ಫರ್ಲಾಂಗು ಬಯಲು. ಕಲ್ಲಿಲ್ಲ, ಹಳ್ಳವಿಲ್ಲ, ಜನವಿಲ್ಲ. ನಾನು ಪಕ್ಕಕ್ಕೆ ಸರಿದು ಕುಳಿತು ಕೈಬ್ರೇಕಿನ ಮೇಲೆ ಕೈಯಿಟ್ಟುಕೊಂಡೆನು. ಅವರು ಚಪ್ಪಲಿಯನ್ನು ಕಳಚಿದರು. ಎಡಗಾಲು ಇಳಿಯಿತು, ಬಲಗೈ ಗೇರನ್ನು ಮುಂದೂಡಿತು, ಎಲ್ಲಿಯೂ ಸದ್ದಿಲ್ಲ. ಕಾಲು ಮೆಲ್ಲಗೆ ಮೇಲೇರಿತು, ಜೀಪು ಜಗ್ಗದೆ ಕುಲುಕದೆ ಹೊರಟಿತು. ನೂರು ಮಾರು ಹೋಗಿ ನಿಲ್ಲಿಸಿ, ಪೆಡಲನ್ನು ಮತ್ತೊಮ್ಮೆ ಬರಿಗಾಲಿನಿಂದ ಮುಟ್ಟಿ, "ಮುಕ್ಕಾಲು ಐತೆ" ಎಂದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ನಗೆಯನ್ನು ಕಂಡೆನು.

ಮನೆಗೆ ಬಂದ ಮೇಲೆ ಗೋಡೆಯ ಮೇಲಿದ್ದ ವೇಳಾಪಟ್ಟಿಯನ್ನು ತೆಗೆದೆನು. ಮಾತ್ರೆಯ ಹೊತ್ತನ್ನು ಮಾತ್ರ ಉಳಿಸಿಕೊಂಡೆನು. ಅದು ಬಿಗಿಯಾಗಿಯೇ ಇರತಕ್ಕುದು. ಉಳಿದ ಹೊತ್ತು ಅವರದು. ಕೆಲವು ಸಂಜೆ ಕೋಲು ಹಿಡಿದು ಪಕ್ಕದ ಮನೆಯ ಜಗಲಿಗೆ ಹೋಗುತ್ತಾರೆ. ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ನಾನು ಕೇಳುವುದಿಲ್ಲ. ಕೇಳಬೇಕೆಂದು ನಾಲಗೆ ತುರಿಸುವುದುಂಟು. ಆಗ ಎದ್ದು ಹೋಗಿ ಜೀಪಿನ ಕೆಳಗೆ ಮಲಗಿ ಕ್ಲಚ್ಚಿನ ಸಡಿಲವನ್ನು ನೋಡಿಬರುತ್ತೇನೆ. ಈಗ ಪೆಡಲಿನ ಅಳತೆಯೊಂದನ್ನೇ ನಂಬುವುದಿಲ್ಲ. ಕವೆಯನ್ನು ಬೆರಳಿನಿಂದ ಮುಟ್ಟಿಯೇ ನೋಡುತ್ತೇನೆ.